ಮಲಪ್ರಭೆಯ ಕಣಿವೆಯ ಹೆಸರುಗಳು

2017ರ ಜೂನ್ ತಿಂಗಳಿನಲ್ಲಿ ನಾವು ತುಮಕೂರಿನ ಮನೆ ಖಾಲಿ ಮಾಡಿಕೊಂಡು ಬಾದಾಮಿಗೆ ಬಂದಾಗ ನನಗೆ ನಲವತ್ತಾರು ವರ್ಷ. ನಮ್ಮ ಮನೆಯವರಿಗೆ ರೈಲ್ವೆಯಲ್ಲಿ ಕೆಲಸ. ಅವರಿಗೆ ಈ ಕಡೆ ವರ್ಗವಾಯಿತು, ಅವರ ಹಿಂದೆ ನಾನೂ ವರ್ಗ ಕೇಳಿಕೊಂಡು ಬಂದೆ. ವಿಭಾಗ ಬದಲಾದದ್ದರಿಂದ ಇಪ್ಪತ್ತು ವರ್ಷದ ಜ್ಯೇಷ್ಠತೆ ಹೋಯಿತು. ಹಿಂದಿನ ವರ್ಷವಷ್ಟೇ ಅಮ್ಮ ತೀರಿಕೊಂಡಿದ್ದರು. ಮಗಳು ಬೆಂಗಳೂರಿನ ಹಾಸ್ಟೆಲಿನಲ್ಲಿದ್ದಳು. ಲಾರಿಯಿಂದ ಸಾಮಾನು ಇಳಿಸಿದ ರಾತ್ರಿ, ಬಂಡೆಗಳು ಹಗಲೆಲ್ಲ ಹೀರಿಕೊಂಡ ಬಿಸಿಲನ್ನು ಊರಿನ ಮೇಲೆ ಬಿಡುತ್ತಿದ್ದಾಗ, ಅಡಿಗೆಮನೆಯ ಡಬ್ಬಗಳ ನಡುವೆ ಕುಳಿತು ನಾನು ಚೆನ್ನಾಗಿ ಅತ್ತೆ. ಅದನ್ನು ಹೇಳಿಕೊಳ್ಳಲು ಈಗ ನಾಚಿಕೆಯಿಲ್ಲ.

ಶಾಲೆಯಲ್ಲಿ ಮೊದಲ ವಾರ ಮಕ್ಕಳು ನನ್ನ ಪಾಠಕ್ಕಿಂತ ಮಾತನ್ನೇ ಹೆಚ್ಚು ಕೇಳಿಸಿಕೊಂಡರು. “ಅಕ್ಕೋರು ಸಿನಿಮಾದಾಗ ಮಾತಾಡಿದಂಗ ಮಾತಾಡ್ತಾರ” ಎಂದು ಹಿಂದಿನ ಬೆಂಚಿನ ಹುಡುಗಿಯರು ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದರು. ಅವರ ಮಾತು ನನಗೂ ಅರ್ಧವೇ ತಿಳಿಯುತ್ತಿತ್ತು. ಮನೆಗೆ ಬಂದು ಬಾಗಿಲು ಹಾಕಿಕೊಂಡು ಕೂರುತ್ತಿದ್ದೆ. ಎರಡು ವಾರ ಇದನ್ನು ನೋಡಿದ ನೆರೆಮನೆಯ ಅಜ್ಜಿ ಒಂದು ಭಾನುವಾರ ಬೆಳಿಗ್ಗೆ ಬಾಗಿಲು ಬಡಿದರು.

“ಅಕ್ಕೋರ, ಹಿಂಗ ಮುಖಾ ಸಣ್ಣ ಮಾಡ್ಕೊಂಡು ಕುಂತರ ಊರು ಹೆಂಗ ನಿಮ್ಮದಾಗತೈತ್ರಿ? ನಡೀರಿ, ಬನಶಂಕರಿಗೆ ಹೋಗಿ ಬರೂಣು.”

ಹಾಗೆ ನನ್ನ ತಿರುಗಾಟ ಶುರುವಾಯಿತು. ಬನಶಂಕರಿ ಬಾದಾಮಿಯಿಂದ ಸುಮಾರು ಐದು ಕಿಲೋಮೀಟರು. ದೇವಿಯ ದರ್ಶನವಾದ ಮೇಲೆ ಅಜ್ಜಿ ನನ್ನನ್ನು ಹೊಂಡದ ಬಳಿಯ ಮರದ ನೆರಳಿಗೆ ಕರೆದುಕೊಂಡು ಹೋದರು. ಅಲ್ಲಿ ಹೆಂಗಸರು ಬುಟ್ಟಿ ಇಟ್ಟುಕೊಂಡು ಜೋಳದ ರೊಟ್ಟಿ, ಕಾಳಿನ ಪಲ್ಯ, ಶೇಂಗಾ ಚಟ್ನಿ, ಪುಟ್ಟ ಕುಡಿಕೆಯಲ್ಲಿ ಗಟ್ಟಿ ಮೊಸರು ಮಾರುತ್ತಿದ್ದರು. ಇಳಕಲ್ ಸೀರೆಯ ಸೆರಗನ್ನು ತಲೆಯ ಮೇಲೆ ಹೊದ್ದ ಒಬ್ಬ ಮುದುಕಿ ನನ್ನ ಎಲೆಗೆ ಇನ್ನೊಂದು ರೊಟ್ಟಿ ಹಾಕಿ, “ಉಣ್ಣವ್ವಾ, ರೊಕ್ಕಾ ಆಮ್ಯಾಲ” ಎಂದರು. ಅಮ್ಮ ಹೋದ ಮೇಲೆ ನನಗೆ ಯಾರೂ ಹಾಗೆ ಒತ್ತಾಯ ಮಾಡಿ ಬಡಿಸಿರಲಿಲ್ಲ.

ಅಲ್ಲಿಂದ ಇನ್ನೂ ಸ್ವಲ್ಪ ದೂರ ಚೊಳಚಗುಡ್ಡಕ್ಕೆ ಹೋದರೆ ಮಲಪ್ರಭೆ ಸಿಗುತ್ತಾಳೆ. ಅಂದು ನಾನು ನೋಡಿದ್ದು ಮಂಡಿಯುದ್ದ ನೀರು, ಎರಡೂ ಕಡೆ ಎರೆಮಣ್ಣಿನ ಹೊಲ, ಜಾಲಿಗಿಡಗಳು, ನೀರಿನಲ್ಲಿ ಮುಳುಗಿ ಕೂತ ಎಮ್ಮೆಗಳು. “ಇಷ್ಟೇನಾ ಹೊಳೆ?” ಎಂದು ಕೇಳಿಬಿಟ್ಟೆ. ಅಜ್ಜಿ ನಕ್ಕರು. “ಆಕಿ ಸುಮ್ಮನ ಇದ್ದಾಗ ಹಂಗ ಕಾಣ್ತಾಳ್ರಿ” ಎಂದರು. ಆ ಮಾತಿನ ಅರ್ಥ ತಿಳಿಯಲು ನನಗೆ ಎರಡು ವರ್ಷ ಬೇಕಾಯಿತು.

ಈ ಹೊಳೆ ಹುಟ್ಟುವುದು ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ, ಸಹ್ಯಾದ್ರಿಯ ಮಳೆಕಾಡಿನಲ್ಲಿ. ಸವದತ್ತಿಯ ಹತ್ತಿರ ನವಿಲುತೀರ್ಥದ ಕಮರಿಯಲ್ಲಿ ಅಣೆಕಟ್ಟಿಗೆ ಸಿಕ್ಕಿ, ಆಮೇಲೆ ಬಯಲಿಗೆ ಇಳಿದು, ಬಾದಾಮಿ ಸೀಮೆಯ ಕೆಂಪು ಮರಳುಗಲ್ಲಿನ ಗುಡ್ಡಗಳ ನಡುವೆ ದಾರಿ ಮಾಡಿಕೊಂಡು, ಸುಮಾರು 304 ಕಿಲೋಮೀಟರು ಹರಿದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತಾಳೆ. ಈ ಕೆಂಪು ಕಲ್ಲೇ ಇಲ್ಲಿನ ಚರಿತ್ರೆಯ ತಾಯಿಬೇರು. ಉಳಿಗೆ ಒಗ್ಗುವಷ್ಟು ಮೃದು, ಸಾವಿರದ ಮುನ್ನೂರು ವರ್ಷ ನಿಲ್ಲುವಷ್ಟು ಗಟ್ಟಿ. ಪಟ್ಟದಕಲ್ಲಿನ ಹಳೆಯ ಹೆಸರು ಕಿಸುವೊಳಲ್, ಎಂದರೆ ಕೆಂಪು ಪಟ್ಟಣ. ಹೆಸರಿಟ್ಟವರು ಕಣ್ಣಿಗೆ ಕಂಡದ್ದನ್ನೇ ಹೇಳಿದ್ದಾರೆ.

ಮಳೆಗಾಲ ಮುಗಿದ ಮೇಲೆ ಭಾನುವಾರಗಳಂದು ನಾವಿಬ್ಬರೂ ಸ್ಕೂಟರಿನಲ್ಲಿ ಹೊರಡತೊಡಗಿದೆವು. ಒಂದು ಸೀಸೆ ನೀರು, ನಾಲ್ಕು ರೊಟ್ಟಿ, ಕೋತಿಗಳಿಗೆ ಕಾಣದಂತೆ ಮುಚ್ಚಿಟ್ಟ ಬಾಳೆಹಣ್ಣು. ಬಾದಾಮಿಯ ಕೋತಿಗಳ ವಿಷಯ ಅಲ್ಲಿಗೆ ಹೋದವರಿಗೆಲ್ಲ ಗೊತ್ತು. ನನ್ನ ಕನ್ನಡಕ ಎರಡು ಸಲ ಅವುಗಳ ಪಾಲಾಗಿ ಒಂದು ಸಲ ಮಾತ್ರ ಹಿಂದಿರುಗಿದೆ. ಊರಿನ ಹಿಂದಿನ ಗುಡ್ಡದ ಮೇಲೆ ಕುರುಚಲು ಗಿಡಗಳ ನಡುವೆ ನಡೆದು ಸಿಡ್ಲಪಡಿಗೆ ಹೋದೆವು. ದೊಡ್ಡ ಬಂಡೆಯ ಚಾವಣಿಯಲ್ಲಿ ಸಿಡಿಲು ಬಡಿದು ತೂತಾಯಿತೆಂದು ಊರವರು ಹೇಳುತ್ತಾರೆ. ಅದರಡಿ ಪ್ರಾಚೀನ ಮಾನವರು ಬರೆದ ಪ್ರಾಣಿಗಳ, ಮನುಷ್ಯರ ಚಿತ್ರಗಳು ಮಸುಕಾಗಿ ಉಳಿದಿವೆ. ಈ ಕಣಿವೆಯಲ್ಲಿ ಶಿಲಾಯುಗದ ಕಲ್ಲಿನ ಆಯುಧಗಳನ್ನು ಗುರುತಿಸಿದವರು ರಾಬರ್ಟ್ ಬ್ರೂಸ್ ಫೂಟ್, ಹತ್ತೊಂಬತ್ತನೆಯ ಶತಮಾನದಲ್ಲಿ. ಚಾಲುಕ್ಯರು ಬರುವುದಕ್ಕೆ ಎಷ್ಟೋ ಸಾವಿರ ವರ್ಷ ಮೊದಲೇ ಈ ಹೊಳೆಯ ನೀರು ಕುಡಿದು ಬದುಕಿದವರಿದ್ದರು.

ಇನ್ನು ಚಾಲುಕ್ಯರು. ಸಮಾಜ ವಿಜ್ಞಾನದ ಶಿಕ್ಷಕಿಯಾಗಿ ಇಪ್ಪತ್ತು ವರ್ಷ ನಾನು ಅವರನ್ನು ಪಾಠ ಮಾಡಿದ್ದೆ. ಒಂದನೆಯ ಪುಲಕೇಶಿ ಕ್ರಿ.ಶ. 543ರಲ್ಲಿ ಬಾದಾಮಿಯ ಗುಡ್ಡವನ್ನು ಕೋಟೆಯಾಗಿಸಿದ, ಮಂಗಳೇಶ 578ರಲ್ಲಿ ಮೂರನೆಯ ಗುಹೆಯನ್ನು ಮುಗಿಸಿದ, ಐಹೊಳೆಯ ಮೇಗುತಿಯಲ್ಲಿ 634ರ ರವಿಕೀರ್ತಿಯ ಶಾಸನ ಇಮ್ಮಡಿ ಪುಲಕೇಶಿಯನ್ನು ಹೊಗಳುತ್ತದೆ, 642ರಲ್ಲಿ ಪಲ್ಲವ ನರಸಿಂಹವರ್ಮ ವಾತಾಪಿಯನ್ನು ಹಿಡಿದ. ಇವನ್ನು ಪರೀಕ್ಷೆಯಲ್ಲಿ ಬರುವ ಹಾಗೆ ಹೇಳಿಕೊಡುತ್ತಿದ್ದೆ. ಅಗಸ್ತ್ಯತೀರ್ಥದ ಮೆಟ್ಟಿಲ ಮೇಲೆ ನಿಂತು, ಕೆರೆಯ ದಂಡೆಯ ಬಂಡೆಯ ಮೇಲೆ ಆ ಪಲ್ಲವ ಅರಸನೇ ಬರೆಸಿದ ಅಕ್ಷರಗಳು ಈಗಲೂ ಇರುವುದನ್ನು ಕಂಡಾಗ ಮೈ ಜುಮ್ಮೆಂದಿತು. ಹೆಂಗಸರು ಅದೇ ಕೆರೆಯಲ್ಲಿ ಬಟ್ಟೆ ಒಗೆಯುತ್ತಿದ್ದರು. ಸೋತ ಊರು ಗೆದ್ದವನ ಬರಹವನ್ನು ಇಷ್ಟು ಕಾಲ ಕಾಪಾಡಿಕೊಂಡು ಬಂದಿದೆ.

ಆದರೆ ನನ್ನ ಕಣ್ಣು ತೆರೆಸಿದ್ದು ಅರಸರಲ್ಲ. ಒಂದು ದಿನ ತರಕಾರಿ ತರಲು ಹೋದಾಗ ಊರ ನಡುವಿನ ಜಂಬುಲಿಂಗ ಗುಡಿಯೊಳಗೆ ಇಣುಕಿದೆ. ಮೂರು ಗರ್ಭಗುಡಿಗಳ ಪುಟ್ಟ ಗುಡಿ ಅದು. 699ರಲ್ಲಿ ಬ್ರಹ್ಮ, ವಿಷ್ಣು, ಮಹೇಶ್ವರರನ್ನು ಅಲ್ಲಿ ಪ್ರತಿಷ್ಠೆ ಮಾಡಿಸಿದವಳು ವಿಜಯಾದಿತ್ಯನ ತಾಯಿ ವಿನಯವತಿ ಎಂದು ಅಲ್ಲಿನ ಶಾಸನ ಹೇಳುತ್ತದೆ. ವಿನಯವತಿ! ನಾನು ಆ ಹೆಸರನ್ನು ಒಮ್ಮೆಯೂ ಕರಿಹಲಗೆಯ ಮೇಲೆ ಬರೆದಿರಲಿಲ್ಲ. ಅಂದಿನಿಂದ ಸಿಕ್ಕ ಶಾಸನ ಸಂಪುಟಗಳನ್ನೆಲ್ಲ ತಂದು, ಹಳಗನ್ನಡ ತಿಳಿಯದಲ್ಲಿ ಅರ್ಥಕೋಶ ತೆರೆದು ಓದತೊಡಗಿದೆ. ಎಷ್ಟೊಂದು ಹೆಣ್ಣುಹೆಸರುಗಳು! ಮಹಾಕೂಟದಲ್ಲಿ ಮಂಗಳೇಶ ನಿಲ್ಲಿಸಿದ ಧರ್ಮಜಯಸ್ತಂಭದಲ್ಲಿ ಒಂದನೆಯ ಪುಲಕೇಶಿಯ ರಾಣಿ, ಬಟ್ಪೂರ ವಂಶದ ದುರ್ಲಭದೇವಿಯ ಹೆಸರಿದೆ. ದೇವರಿಗೆ ಕೊಡುವ ದಾನದ ವಿಷಯದಲ್ಲಿ ಅರಸ ಆಕೆಯ ಮಾತು ಕೇಳಿದ್ದಾನೆ. ಆ ಕಂಬ ಈಗ ವಿಜಯಪುರದ ವಸ್ತುಸಂಗ್ರಹಾಲಯದಲ್ಲಿದೆ. ಇಮ್ಮಡಿ ಪುಲಕೇಶಿಯ ಸೊಸೆ ವಿಜಯಭಟ್ಟಾರಿಕೆ ಕೊಂಕಣದಲ್ಲಿ ತಾನೇ ದಾನಶಾಸನಗಳನ್ನು ಹೊರಡಿಸಿದವಳು.

ಪಟ್ಟದಕಲ್ಲಿಗೆ ಮಾತ್ರ ಹತ್ತು ಸಲವಾದರೂ ಹೋಗಿದ್ದೇನೆ. ಮಲಪ್ರಭೆ ಅಲ್ಲಿ ಉತ್ತರಕ್ಕೆ ತಿರುಗುತ್ತಾಳೆ. ಉತ್ತರವಾಹಿನಿಯ ದಂಡೆ ಪುಣ್ಯಸ್ಥಳವೆಂದೇ ಅಲ್ಲಿ ಅರಸರ ಪಟ್ಟಾಭಿಷೇಕಗಳು ನಡೆದವು. 1987ರಿಂದ ಅದು ಯುನೆಸ್ಕೋದ ವಿಶ್ವ ಪರಂಪರೆಯ ತಾಣ. ಇಮ್ಮಡಿ ವಿಕ್ರಮಾದಿತ್ಯ ಕಂಚಿಯನ್ನು ಗೆದ್ದ. ತನ್ನ ಮುತ್ತಜ್ಜನ ತಂದೆಯ ಊರನ್ನು ಸುಟ್ಟವರ ಊರು ಕೈಗೆ ಸಿಕ್ಕರೂ ಅದನ್ನು ಹಾಳು ಮಾಡಲಿಲ್ಲ. ಅಲ್ಲಿನ ದೇವರ ಹೊನ್ನನ್ನು ದೇವರಿಗೇ ಬಿಟ್ಟುಕೊಟ್ಟು, ಆ ವಿಷಯವನ್ನು ಕಂಚಿಯ ಕೈಲಾಸನಾಥ ದೇವಾಲಯದ ಕಂಬದ ಮೇಲೆ ಕನ್ನಡದಲ್ಲಿ ಬರೆಸಿದ. ಈ ಗೆಲುವಿನ ನೆನಪಿಗೆ ಪಟ್ಟದಕಲ್ಲಿನಲ್ಲಿ ಲೋಕೇಶ್ವರ ಎಂಬ ದೇವಾಲಯ ಕಟ್ಟಿಸಿದವಳು ಅವನ ಹಿರಿಯ ರಾಣಿ ಲೋಕಮಹಾದೇವಿ. ನಾವು ಈಗ ವಿರೂಪಾಕ್ಷ ಎಂದು ಕರೆಯುವ, ಇಂದಿಗೂ ಪೂಜೆ ನಡೆಯುವ ಗುಡಿ ಅದೇ. ಕಟ್ಟಿದ ಸೂತ್ರಧಾರಿ ಗುಂಡ ಅನಿವಾರಿತಾಚಾರಿ. ಅವನಿಗೆ ತ್ರಿಭುವನಾಚಾರಿ ಎಂಬ ಬಿರುದು ಸಿಕ್ಕಿತು. ಪಕ್ಕದಲ್ಲೇ, ಅಳತೆಯಲ್ಲಿ ತುಸು ಚಿಕ್ಕದಾದ, ಅದೇ ನಕ್ಷೆಯ ಇನ್ನೊಂದು ಗುಡಿಯಿದೆ. ಅದನ್ನು ಕಟ್ಟಿಸಿದವಳು ಕಿರಿಯ ರಾಣಿ ತ್ರೈಲೋಕ್ಯಮಹಾದೇವಿ. ಲೋಕಮಹಾದೇವಿಯ ಒಡಹುಟ್ಟಿದ ತಂಗಿ.

ಇದನ್ನು ನೆರೆಮನೆಯ ಅಜ್ಜಿಗೆ ಹೇಳಿದಾಗ ಅವರು ಗುಡಿಯಿಂದ ಗುಡಿಗೆ ನೋಡಿ, “ಅಕ್ಕಾ ತಂಗಿ ಒಬ್ಬಗs ಕೊಟ್ಟಿದ್ರೇನ್ರಿ? ಅದಕ್ಕs ಗ್ವಾಡಿಗೆ ಗ್ವಾಡಿ ಹಚ್ಚಿ ಕಟ್ಟ್ಯಾರ” ಎಂದರು. ಪ್ರೀತಿಯಿಂದಲೋ ಪೈಪೋಟಿಯಿಂದಲೋ ಎಂಬುದನ್ನು ಶಾಸನ ಹೇಳುವುದಿಲ್ಲ. ಆದರೆ ಲೋಕಮಹಾದೇವಿಯ ಬಗ್ಗೆ ಒಂದು ಮಾತು ಹೇಳುತ್ತದೆ. ಮಾವ ವಿಜಯಾದಿತ್ಯನ ಕಾಲದಲ್ಲಿ ಗಾಯಕರಿಗೆ ದೊರೆತಿದ್ದ ಸೌಲಭ್ಯಗಳನ್ನು ಆಕೆ ಹಾಗೆಯೇ ಮುಂದುವರಿಸಿದಳಂತೆ. ಮನೆಯಲ್ಲಿ ಹಿರಿಯರು ಕೊಟ್ಟ ಮಾತನ್ನು ಉಳಿಸುವ ಸೊಸೆಯಂದಿರನ್ನು ನಾವೆಲ್ಲ ಕಂಡಿದ್ದೇವಲ್ಲ, ಅಂಥವಳೇ ಒಬ್ಬಳು ಎನಿಸಿತು.

ಈಗ ನಾನು ಹೇಳಬೇಕೆಂದಿರುವ ವಿಷಯಕ್ಕೆ ಬರುತ್ತೇನೆ. ಮಹಾಕೂಟ ಗುಡ್ಡಗಳ ನಡುವಿನ ತಂಪು ಜಾಗ. ದೊಡ್ಡ ಮರಗಳು, ಊಟೆಯ ನೀರು ತುಂಬಿದ ಪುಷ್ಕರಣಿ, ಸುತ್ತಲೂ ಸಣ್ಣ ಸಣ್ಣ ಗುಡಿಗಳು. ಮಹಾಕೂಟೇಶ್ವರನ ಗುಡಿಯ ಒಂದು ಕಂಬದ ಮೇಲೆ ಹಳಗನ್ನಡದ ಶಾಸನವಿದೆ. ಹತ್ತೊಂಬತ್ತನೆಯ ಶತಮಾನದಲ್ಲೇ ಫ್ಲೀಟ್ ಎಂಬ ಆಂಗ್ಲ ಅಧಿಕಾರಿ ಅದನ್ನು ಓದಿ ಪ್ರಕಟಿಸಿದ್ದಾನೆ. ವಿಜಯಾದಿತ್ಯ ಆಳಿದ್ದು 696ರಿಂದ 733ರವರೆಗೆ. ಅವನ ಪ್ರಾಣವಲ್ಲಭೆ ವಿನಾಪೋಟಿ ಎಂಬಾಕೆ ಈ ದೇವರಿಗೆ ಮಾಣಿಕ್ಯದ ಪೀಠ ಮಾಡಿಸಿ, ಬೆಳ್ಳಿಯ ಕೊಡೆ ಏರಿಸಿ, ಹಿರಣ್ಯಗರ್ಭದ ಮಹಾದಾನ ಮಾಡಿ, ಭೂಮಿಯನ್ನೂ ಬಿಟ್ಟಳೆಂದು ಅದು ಹೇಳುತ್ತದೆ. ಆಕೆ ಯಾರೆಂಬುದನ್ನೂ ಹೇಳುತ್ತದೆ. ರೇವಮಂಚಳ ಮಗಳು ಕುಚಿಪೋಟಿ, ಕುಚಿಪೋಟಿಯ ಮಗಳು ವಿನಾಪೋಟಿ. ಅಜ್ಜಿ, ತಾಯಿ, ಮಗಳು. ಅಷ್ಟೇ. ನಡುವೆ ಒಂದು ಗಂಡು ಹೆಸರಿಲ್ಲ.

ಅದೇಕೆ ಇಲ್ಲವೆಂಬುದಕ್ಕೂ ಕಾರಣವಿದೆ. ವಿನಾಪೋಟಿ ರಾಣಿಯಲ್ಲ. ಆಕೆಯ ಮನೆತನ ತಾಯಿಯಿಂದ ಮಗಳಿಗೆ ನಡೆದುಬಂದ ಗಣಿಕೆಯರ ಮನೆತನ. ಆಕೆಯನ್ನು ಕರೆಯುವ ಪದ ಇಂದು ನಮ್ಮ ಬೀದಿಗಳಲ್ಲಿ ಬೈಗುಳ. ಅಲ್ಲಿ ಅದೇ ಪದ ಗೌರವದ ಬಹುವಚನದಲ್ಲಿದೆ. ಮೂವರು ಹೆಂಗಸರ ಹೆಸರಿಗೂ ಬಹುವಚನ. ಕಂಬದ ಮುಂದೆ ನಿಂತು ನನಗೆ ನಮ್ಮ ತವರಿನ ವಂಶವೃಕ್ಷ ನೆನಪಾಯಿತು. ನಮ್ಮ ದೊಡ್ಡಪ್ಪ ಶ್ರಮಪಟ್ಟು ಹನ್ನೊಂದು ತಲೆಮಾರಿನ ಹೆಸರು ಕಲೆಹಾಕಿ, ದುಂಡಾದ ಅಕ್ಷರದಲ್ಲಿ ಬರೆಸಿ ಕಟ್ಟು ಹಾಕಿಸಿದ್ದರು. ಹನ್ನೊಂದು ತಲೆಮಾರಿನಲ್ಲಿ ಒಂದೇ ಒಂದು ಹೆಣ್ಣು ಹೆಸರಿಲ್ಲ. ಬಾಲ್ಯದಲ್ಲಿ ನಾನದನ್ನು ಹೆಮ್ಮೆಯಿಂದ ಗೆಳತಿಯರಿಗೆ ತೋರಿಸುತ್ತಿದ್ದೆ.

2019ರ ಜುಲೈನಲ್ಲಿ ಚಾಲುಕ್ಯರ ಪಾಠ ಬಂದಾಗ ಒಂಬತ್ತನೆಯ ತರಗತಿಯ ಹುಡುಗಿಯರಿಗೆ ಈ ಮೂರು ಹೆಸರನ್ನು ಹೇಳಿದೆ. “ಆಕಿ ರಾಣಿ ಏನ್ರಿ ಅಕ್ಕೋರ?” ಎಂದು ಒಬ್ಬಳು ಕೇಳಿದಳು. ಒಂದು ಕ್ಷಣ ತಡವರಿಸಿದೆ. ಆಮೇಲೆ, “ಅಲ್ಲ, ರಾಜ ಮೆಚ್ಚಿದ ಕಲಾವಿದೆ. ಆ ಕಾಲದಲ್ಲಿ ಅಂಥ ಮನೆತನಗಳಲ್ಲಿ ತಾಯಿಯ ಹೆಸರೇ ಕುಲದ ಹೆಸರು” ಎಂದೆ. ಇದು ಪೂರ್ತಿ ಸತ್ಯವಲ್ಲ, ಪೂರ್ತಿ ಸುಳ್ಳೂ ಅಲ್ಲ. ಶಿಕ್ಷಕರ ಕೊಠಡಿಯಲ್ಲಿ ಸಹೋದ್ಯೋಗಿಯೊಬ್ಬರು, “ಇಂಥಾದ್ದೆಲ್ಲ ಹುಡುಗ್ಯಾರಿಗೆ ಯಾಕ ಹೇಳಬೇಕ್ರಿ?” ಎಂದರು. ನಾನು ಉತ್ತರ ಕೊಡಲಿಲ್ಲ. ಆದರೆ ಮರುದಿನ ಹುಡುಗಿಯರಿಗೆ ಮನೆಗೆಲಸ ಕೊಟ್ಟೆ. ನಿನ್ನ ಹೆಸರು, ತಾಯಿಯ ಹೆಸರು, ತಾಯಿಯ ತಾಯಿಯ ಹೆಸರು, ಅವರ ತಾಯಿಯ ಹೆಸರು. ಕಂಬಕ್ಕಿಂತ ಒಂದು ತಲೆಮಾರು ಹೆಚ್ಚು.

ಈ ಮನೆಗೆಲಸ ಇಷ್ಟು ಗದ್ದಲ ಮಾಡೀತೆಂದು ನಾನು ತಿಳಿದಿರಲಿಲ್ಲ. ಹುಡುಗಿಯರು ಸಂತೆಯ ದಿನ ಅಜ್ಜಿಯಂದಿರನ್ನು ಹುಡುಕಿಕೊಂಡು ಹೋದರು, ಸೋದರಮಾವಂದಿರಿಗೆ ಫೋನು ಮಾಡಿದರು. ಒಬ್ಬಳ ಅಜ್ಜಿ ಗುಳೇದಗುಡ್ಡದಿಂದ ಬಂದವರು ಶಾಲೆಗೇ ಬಂದುಬಿಟ್ಟರು. ಎದೆಯ ಮೇಲೆ ಕೈಯಿಟ್ಟುಕೊಂಡು, “ನಮ್ಮವ್ವನ ಹೆಸರು ಯಾರಿಗೆ ಬೇಕಾತ್ರಿ ಅಕ್ಕೋರ? ಆಕಿ ಸತ್ತು ಐವತ್ತು ವರ್ಷ ಆತು. ಇಷ್ಟು ದಿನದಾಗ ಯಾರೂ ಕೇಳಿರಲಿಲ್ಲ” ಎಂದರು. ಅವರವ್ವ ಮಗ್ಗಕ್ಕೆ ನೂಲು ಸುತ್ತಿ ಆರು ಮಕ್ಕಳನ್ನು ಸಾಕಿದವಳಂತೆ. ನಾವು ಹಬ್ಬಕ್ಕೆ ಉಡಿ ತುಂಬುವ ಖಣಗಳು ನೇಯುವುದು ಅಂಥ ಮನೆಗಳಲ್ಲೇ. ಹೆಸರು ಹೇಳಿ, ಮೊಮ್ಮಗಳು ಬರೆಯುವುದನ್ನು ನಿಂತು ನೋಡಿ, “ಸರಿ ಬರದಾಳೇನ್ರಿ?” ಎಂದು ನನ್ನಿಂದ ಓದಿಸಿ ಕೇಳಿಕೊಂಡು ಹೋದರು.

ನಲವತ್ತೆರಡು ಹುಡುಗಿಯರಲ್ಲಿ ನಾಲ್ಕೂ ಹೆಸರು ಬರೆದವರು ಹದಿನೇಳು. ಉಳಿದವರ ಪುಸ್ತಕದಲ್ಲಿ ನಾಲ್ಕನೆಯ ಸಾಲು ಖಾಲಿ. ಆಗ ಮೊದಲ ಬೆಂಚಿನವಳೊಬ್ಬಳು, “ನಿಮ್ಮವು ಹೇಳ್ರಿ ಅಕ್ಕೋರ” ಎಂದಳು. ನನ್ನ ಹೆಸರು, ಅಮ್ಮನ ಹೆಸರು, ಅಜ್ಜಿಯ ಹೆಸರು ಬರೆದೆ. ಸೀಮೆಸುಣ್ಣ ಅಲ್ಲಿಗೆ ನಿಂತಿತು. ಅಜ್ಜಿಯ ತಾಯಿಯನ್ನು ನಾನು ನೋಡಿಲ್ಲ. ಆಕೆಯ ಹುಳಿಯ ರುಚಿ, ಆಕೆ ಬಾವಿಗೆ ಬಿದ್ದ ಕರುವನ್ನು ಎತ್ತಿಸಿದ ಕಥೆ, ಎಲ್ಲ ಅಮ್ಮನ ಬಾಯಲ್ಲಿ ಕೇಳಿದ್ದೇನೆ. ಹೆಸರು ಕೇಳಿರಲಿಲ್ಲ. ಅಮ್ಮನನ್ನು ಕೇಳೋಣವೆಂದರೆ ಅಮ್ಮ ಹೋಗಿ ಮೂರು ವರ್ಷವಾಗಿತ್ತು. ಅಂದು ರಾತ್ರಿ ಚಿಕ್ಕಮ್ಮನಿಗೆ ಫೋನು ಮಾಡಿದೆ. ಚಿಕ್ಕಮ್ಮ ಬಹಳ ಹೊತ್ತು ಯೋಚಿಸಿ, “ಎಲ್ಲರೂ ಅಮ್ಮಣ್ಣಿ ಅಂತ ಕರೀತಿದ್ರು ಕಣೇ. ಹೆಸರು ಬೇರೆ ಏನೋ ಇತ್ತು” ಎಂದರು.

ಆಗಸ್ಟ್ ತಿಂಗಳಿನಲ್ಲಿ ಹೊಳೆ ಬಂತು. ಘಟ್ಟದಲ್ಲಿ ಮಳೆ ಬಿಡದೆ ಸುರಿದು, ನವಿಲುತೀರ್ಥದಿಂದ ನೀರು ಬಿಟ್ಟಾಗ, ನಾನು “ಇಷ್ಟೇನಾ” ಎಂದಿದ್ದ ಮಲಪ್ರಭೆ ಚೊಳಚಗುಡ್ಡದ ಮನೆಗಳೊಳಗೆ ಹೊಕ್ಕಳು. ಪಟ್ಟದಕಲ್ಲಿನಲ್ಲಿ ಗುಡಿಗಳ ಅಂಗಳವೆಲ್ಲ ಕೆಂಪು ನೀರಾಯಿತು. 2009ರ ಪ್ರವಾಹ ಕಂಡಿದ್ದ ನೆರೆಮನೆಯ ಅಜ್ಜಿ ಮಾತಿಲ್ಲದೆ ರೊಟ್ಟಿ ತಟ್ಟಲು ಕೂತರು. ನಾವು ಓಣಿಯ ಹೆಂಗಸರೆಲ್ಲ ಸೇರಿ ರೊಟ್ಟಿ, ಚಟ್ನಿಪುಡಿ, ಹಳೆಯ ಸೀರೆ, ಹೊದಿಕೆಗಳನ್ನು ಗಂಟು ಕಟ್ಟಿ ಗಂಜಿ ಕೇಂದ್ರಕ್ಕೆ ಸಾಗಿಸಿದೆವು. ಅಲ್ಲಿ ನನ್ನ ತರಗತಿಯ ಹುಡುಗಿಯರೇ ತಮ್ಮ ತಂಗಿಯರನ್ನು ಸೊಂಟದ ಮೇಲೆ ಕೂರಿಸಿಕೊಂಡು ಸಾಲಿನಲ್ಲಿ ನಿಂತಿದ್ದರು. ಅಂದು ನನಗೆ ಚರಿತ್ರೆ, ಶಾಸನ ಯಾವುದೂ ನೆನಪಿಗೆ ಬರಲಿಲ್ಲ.

ನೀರಿಳಿದು ಶಾಲೆ ತೆರೆದಾಗ ಹೊಳೆದಂಡೆಯ ಹಳ್ಳಿಗಳ ಹುಡುಗಿಯರು ಬರಿಗೈಯಲ್ಲಿ ಬಂದರು. ಪುಸ್ತಕ, ಚೀಲ, ಸಮವಸ್ತ್ರ ಎಲ್ಲ ಹೋಗಿತ್ತು. ಒಬ್ಬಳು ನನ್ನ ಮೇಜಿನ ಬಳಿ ಬಂದು, “ಅಕ್ಕೋರ, ಹೆಸರು ಬರದ ವಹಿ ಹೊಳಿಗೆ ಹೋತ್ರಿ. ಆದ್ರ ನಾಲ್ಕೂ ಬಾಯಿಪಾಠ ಅದಾವ. ಮತ್ತ ಬರೀಲೇನ್ರಿ?” ಎಂದಳು. ಹೊಸ ವಹಿ ಕೊಟ್ಟೆ. ನಿಂತಲ್ಲೇ ನಾಲ್ಕೂ ಹೆಸರು ಬರೆದಳು. ಅವಳ ಮನೆಯ ಗೋಡೆ ಬಿದ್ದಿತ್ತು, ಅಪ್ಪ ಅವಳನ್ನು ಶಾಲೆ ಬಿಡಿಸುವ ಮಾತಾಡುತ್ತಿದ್ದ. ಅವಳ ತಾಯಿಯೊಡನೆ ನಾನು ಎರಡು ಸಲ ಮಾತಾಡಿದೆ. ತಾಯಿ ಹಟ ಹಿಡಿದಳು. ಹುಡುಗಿ ಹತ್ತನೆಯ ತರಗತಿ ಮುಗಿಸಿದಳು.

ಆ ಪ್ರವಾಹವನ್ನು ಲೋಕಮಹಾದೇವಿಯ ಗುಡಿಯೂ ತಾಳಿಕೊಂಡಿತು. ಅಂಥವು ಎಷ್ಟನ್ನು ಅದು ನೋಡಿದೆಯೋ. ಆಕೆ ಕಟ್ಟಿಸಿದ ಮೇಲೆ ಹದಿನೈದು ವರ್ಷಕ್ಕೆಲ್ಲ ಅವಳ ಗಂಡನ ವಂಶದ ರಾಜ್ಯ ರಾಷ್ಟ್ರಕೂಟರ ಪಾಲಾಯಿತು. ಕೊನೆಯ ಅರಸ ಇಮ್ಮಡಿ ಕೀರ್ತಿವರ್ಮ ತ್ರೈಲೋಕ್ಯಮಹಾದೇವಿಯ ಮಗ. ಅವನ ಕಾಲದ 754ರ ಕಂಬವೊಂದು ಪಟ್ಟದಕಲ್ಲಿನಲ್ಲಿದೆ. ಉತ್ತರದ ಲಿಪಿ, ದಕ್ಷಿಣದ ಲಿಪಿ ಎರಡರಲ್ಲೂ ಬರೆಸಿದ ಆ ಶಾಸನದಲ್ಲಿ ಅವನ ತಾಯಿ ಮತ್ತು ದೊಡ್ಡಮ್ಮ ಇಬ್ಬರೂ ಕಟ್ಟಿಸಿದ ಗುಡಿಗಳ ಮಾತಿದೆ. ಕೈಯಿಂದ ಸೀಮೆ ಜಾರುತ್ತಿದ್ದ ಕಾಲದಲ್ಲಿ ಉಳಿಯಬೇಕೆಂದು ಬರೆಸಿದ್ದರಲ್ಲಿ ಇದೂ ಒಂದು.

ಈಗ ನಾವು ಬಾದಾಮಿಗೆ ಬಂದು ಎಂಟು ವರ್ಷ ದಾಟಿತು. ಬನದ ಹುಣ್ಣಿಮೆಯ ಜಾತ್ರೆಯಲ್ಲಿ ನಾನೂ ಅಜ್ಜಿಯೊಡನೆ ಕೂತು ರಾತ್ರಿಯಿಡೀ ನಾಟಕ ನೋಡುತ್ತೇನೆ. ಮಕ್ಕಳು ನನ್ನ ಮಾತಿಗೆ ನಗುವುದಿಲ್ಲ. ತುಮಕೂರಿಗೆ ಹೋದರೆ ತಂಗಿಯ ಮಕ್ಕಳು ನಗುತ್ತಾರೆ. ಆ ಮನೆಗೆಲಸವನ್ನು ಮಾತ್ರ ಸಾಧ್ಯವಾದ ವರ್ಷವೆಲ್ಲ ಕೊಡುತ್ತೇನೆ.

ಕಳೆದ ಸಲ ಮಗಳು ಬಂದಾಗ ಅವಳನ್ನು ಮಹಾಕೂಟಕ್ಕೆ ಕರೆದುಕೊಂಡು ಹೋದೆ. ಕಂಬ ತೋರಿಸಿದೆ, ಮೂರು ಹೆಸರು ಹೇಳಿದೆ. ನಮ್ಮ ಅಮ್ಮಣ್ಣಿಯ ವಿಷಯವನ್ನೂ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ಚೀಲದಿಂದ ಡೈರಿ ತೆಗೆದು, “ನಿನಗೆ ನೆನಪಿರೋದನ್ನ ಎಲ್ಲ ಹೇಳಮ್ಮ, ಬರ್ಕೋತೀನಿ” ಎಂದಳು. ಪುಷ್ಕರಣಿಯ ಮೆಟ್ಟಿಲ ಮೇಲೆ ಕೂತು ಹೇಳಿದೆ. ಅಜ್ಜಿಯ ಹೆಸರು, ಹುಳಿಯ ರುಚಿ, ಬಾವಿಗೆ ಬಿದ್ದ ಕರು. ಮೇಲಿನ ಸಾಲಿನಲ್ಲಿ ಅವಳು “ಅಮ್ಮಣ್ಣಿ” ಎಂದು ಬರೆದು, ಪಕ್ಕದಲ್ಲಿ ಒಂದು ಹೆಸರಿಗೆ ಸಾಲುವಷ್ಟು ಜಾಗ ಬಿಟ್ಟಳು. ಚಿಕ್ಕಮ್ಮನ ಸೋದರಮಾವನ ಮಗಳೊಬ್ಬರು ತಿಪಟೂರಿನಲ್ಲಿದ್ದಾರಂತೆ, ಎಂಬತ್ತೆಂಟು ವರ್ಷ. ದಸರಾ ರಜೆಯಲ್ಲಿ ಹೋಗಿ ಕೇಳಬೇಕೆಂದಿದ್ದೇನೆ.